ಚಿಕ್ಕಯ್ಯನ ದೋಣಿಗೆ ಎಷ್ಟು ಕಿಲೋ ಎಂಜಿನ್?

ಮುಂಬಯಿಯಿಂದ ಮತ್ಸ್ಯಗಂಧದಲ್ಲಿ ಊರಿಗೆ ಹೋಗುವವರಿಗೆ ಇದು ಗೊತ್ತಿರುತ್ತದೆ. ಬೈಂದೂರು ದಾಟಿ, ನಸುಕಿನಲ್ಲಿ ಬ್ಯಾಗು ಹಿಡಿದು ಬಾಗಿಲ ಹತ್ತಿರ ನಿಂತಿರುವಾಗ ರೈಲಿನ ಸದ್ದು ಇದ್ದಕ್ಕಿದ್ದಂತೆ ಬದಲಾಗುತ್ತದೆ. ಸೇತುವೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಕುಂದಾಪುರ ಒಂಥರಾ ನೀರಿನ ಜಂಕ್ಷನ್. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರಕ್ಕೆ ಸೇರುತ್ತವೆ. ಅಳಿವೆಯ ಬಡಗಣ ದಡ ಗಂಗೊಳ್ಳಿ, ತೆಂಕಣ ದಡ ಕೋಡಿ. ಕುಂದಾಪುರದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರಿಗೇ ಕಾಣುತ್ತದೆ. ಆದರೆ ಹೆಮ್ಮಾಡಿ, ತ್ರಾಸಿ ಸುತ್ತಿ ರಸ್ತೆಯಲ್ಲಿ ಹೋಗುವುದಾದರೆ ಸುಮಾರು 15 ಕಿಲೋಮೀಟರ್. ನಡುವೆ ಕುದ್ರುಗಳು, ತೆಂಗಿನ ತೋಟಗಳು, ಇಳಿತದ ಹೊತ್ತಿಗೆ ಮೇಲೆದ್ದು ಉಬ್ಬರಕ್ಕೆ ಮುಳುಗುವ ಮರಳ ದಿಬ್ಬಗಳು.

ಗೊಂಬೆಯಾಟದಿಂದ ಹೆಸರಾದ ಉಪ್ಪಿನಕುದ್ರು ಇರುವುದು ಈ ನೀರಿನ ನಡುವೆಯೇ. ಅದರ ಹತ್ತಿರದ ಒಂದು ದಡದಲ್ಲಿ ನನ್ನ ಚಿಕ್ಕಯ್ಯನ ಮನೆ. ಅಪ್ಪಯ್ಯ ಹೋಟೆಲ್ ಕೆಲಸಕ್ಕೆಂದು ಮುಂಬಯಿ ರೈಲು, ಅಂದರೆ ಆಗಿನ ಕಾಲದ ಬಸ್ಸು, ಹತ್ತಿದರು. ಚಿಕ್ಕಯ್ಯ ಹತ್ತಲಿಲ್ಲ. ಈಗ ಅವರಿಗೆ 63. ಬೆಳಿಗ್ಗೆ ಬಲೆ, ಏಡಿ, ಸೀಗಡಿ, ಸಿಕ್ಕಿದರೆ ಕಾಣೆ. ಮಧ್ಯಾಹ್ನದ ಮೇಲೆ ಯಾರದೋ ತೆಂಗಿನಕಾಯಿ, ಯಾರದೋ ಗ್ಯಾಸ್ ಸಿಲಿಂಡರ್ ಆಚೆ ದಡಕ್ಕೆ. ಎಲ್ಲದಕ್ಕೂ ಒಂದೇ ದೋಣಿ: 17 ಅಡಿ ಉದ್ದದ, ನಾಲ್ಕಡಿ ಅಗಲದ, ಹಿಂಬದಿ ಚಪ್ಪಟೆಯಾದ ಫೈಬರ್ ದೋಣಿ. ಅದರಲ್ಲಿ ಅವರೊಬ್ಬರೇ.

ಏಪ್ರಿಲ್‌ನಲ್ಲಿ ಅವರ ಹಳೆಯ 8 ಎಚ್‌ಪಿ ಎಂಜಿನ್ ನಿಂತಿತು. ಟು ಸ್ಟ್ರೋಕ್, ಪೆಟ್ರೋಲಿನಲ್ಲಿ ಶುರುಮಾಡಿ ಸೀಮೆಎಣ್ಣೆಗೆ ತಿರುಗಿಸುವ ಜಾತಿಯದ್ದು. ಉಪ್ಪುನೀರು ತಿಂದು ತಿಂದು ಒಳಗಿನ ಲೋಹ ಬಿರುಕು ಬಿಟ್ಟಿದೆ, ರಿಪೇರಿಗೆ ಹಾಕುವ ದುಡ್ಡಿಗೆ ಅರ್ಧ ಹೊಸದು ಬರುತ್ತದೆ ಎಂದರು ಮೆಕ್ಯಾನಿಕ್. (ಮುಂಬಯಿಯಲ್ಲಿ ಯಮಾಹಾ ಎಂದರೆ ಬೈಕು. ಗಂಗೊಳ್ಳಿಯಲ್ಲಿ ಯಮಾಹಾ ಎಂದರೆ ದೋಣಿ ಎಂಜಿನ್. ಮದುವೆ ಮನೆಯಲ್ಲಿ ಈ ಗೊಂದಲದಿಂದ ಒಂದು ಸಣ್ಣ ಜಗಳವೇ ಆದದ್ದನ್ನು ನಾನು ನೋಡಿದ್ದೇನೆ.)

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಹೊತ್ತಿಕೊಂಡಿತು. ಕುವೈತ್‌ನಲ್ಲಿರುವ ಚಿಕ್ಕಯ್ಯನ ಮಗ ದುಡ್ಡು ಕಳಿಸಲು ತಯಾರಿದ್ದ, ಆದರೆ 9.9 ಎಚ್‌ಪಿಯ ಹೊಸ ಫೋರ್ ಸ್ಟ್ರೋಕ್ ಎಂಜಿನ್ನೇ ಆಗಬೇಕೆಂದು ಅವನ ಪಟ್ಟು. ಅತ್ತಿಗೆ, ಅಂದರೆ ಅವನ ಹೆಂಡತಿ, ಎಂಜಿನ್ನೇ ಬೇಡ, ಮಾವ ಇನ್ನು ದೋಣಿ ಬಿಡಲಿ ಎಂದರು. ಚಿಕ್ಕಯ್ಯ ಗುಂಪಿನಲ್ಲಿ ಇಲ್ಲ. ಇಂಜಿನಿಯರಿಂಗ್ ಓದಿದವನು ಎಂಬ ಒಂದೇ ಕಾರಣಕ್ಕೆ ಪಂಚಾಯ್ತಿ ನನ್ನ ತಲೆಗೆ ಬಂತು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ದೊಡ್ಡ ವಿಷಯವಲ್ಲ.

ಮೊದಲು ಈ 9.9 ಎಂಬ ವಿಚಿತ್ರ ಸಂಖ್ಯೆಯ ಬಗ್ಗೆ ಹೇಳಬೇಕು. ಬಾಟಾ ಅಂಗಡಿಯ ಬೆಲೆಯ ಹಾಗೆ ಕಾಣುವ ಈ ಅಂಕಿಗೆ ಕಾರಣ ಕಾನೂನು. ಅಮೆರಿಕದಲ್ಲಿ ಎಷ್ಟೋ ಕೆರೆಗಳಲ್ಲಿ 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ ಓಡಿಸುವಂತಿಲ್ಲ. ನಮ್ಮ ಕರಾವಳಿಯಲ್ಲೂ ಆ ಗೆರೆ ಬೇರೆ ರೀತಿಯಲ್ಲಿ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ವಿನಾಯಿತಿಯ ಒಳಗೆ ಸಿಗುವಷ್ಟೂ ಬಲ ತೆಗೆದುಕೊಳ್ಳೋಣ ಎಂಬುದು ತಮ್ಮನ ವಾದ. ಕೇಳಲು ಸರಿಯಾಗಿಯೇ ಇದೆ.

ನಾನು ಒಂದು ಶನಿವಾರ ಐರೋಲಿಯಿಂದ ಹೊರಟು ರೇ ರೋಡಿನ ದಾರುಖಾನಾಕ್ಕೆ ಹೋದೆ. ಹಾರ್ಬರ್ ಲೈನಿನಲ್ಲಿ ದಿನಾ ಓಡಾಡುವವರೂ ಇಳಿಯದ ಸ್ಟೇಷನ್ ಅದು. ಹಡಗು ಒಡೆಯುವ ಕೆಲಸ, ಸರಪಳಿ, ಲಂಗರು, ಹಗ್ಗದ ಅಂಗಡಿಗಳು. ಗಾಳಿಯಲ್ಲಿ ತುಕ್ಕಿನ ಮತ್ತು ಗ್ರೀಸಿನ ವಾಸನೆ. ಅಲ್ಲೊಂದು ಕಿರಿದಾದ ಅಂಗಡಿಯಲ್ಲಿ ಗೋಡೆಗೆ ಹಲಗೆ ಹೊಡೆದು ನಾಲ್ಕೈದು ಔಟ್‌ಬೋರ್ಡ್ ಎಂಜಿನ್‌ಗಳನ್ನು ಹಂದಿಯ ಕಾಲುಗಳ ಹಾಗೆ ತೂಗುಹಾಕಿದ್ದರು. ಕೊಳ್ಳುವುದು ನನ್ನ ಉದ್ದೇಶವಾಗಿರಲಿಲ್ಲ. ಎತ್ತಿ ನೋಡಬೇಕಿತ್ತು, ಅಷ್ಟೇ. ಮಾಲೀಕರಿಗೆ ಅದನ್ನೇ ಹೇಳಿದೆ. ಅವರು ನಕ್ಕು, ಹಿತ್ತಲಿನ ಗುಜರಿ ತಕ್ಕಡಿಯನ್ನೂ ತೋರಿಸಿದರು.

ಕಾಗದದ ಮೇಲಿನ 40 ಕಿಲೋಗೂ ಕೈಗೆ ಬಂದ 40 ಕಿಲೋಗೂ ಅಜಗಜಾಂತರ. ಅಕ್ಕಿ ಮೂಟೆ ಹೆಗಲ ಮೇಲೆ ಮಡಿಚಿಕೊಂಡು ಕೂರುತ್ತದೆ. ಔಟ್‌ಬೋರ್ಡ್ ಎಂಜಿನ್ ಹಾಗಲ್ಲ. ತೂಕವೆಲ್ಲ ತಲೆಯಲ್ಲಿ, ಕೆಳಗೆ ಉದ್ದನೆಯ ಕಾಲು, ಅದರ ತುದಿಯಲ್ಲಿ ಮೊಣಕಾಲಿಗೆ ಬಡಿಯುವ ರೆಕ್ಕೆ. ಅಲುಗುವ ದೋಣಿಯಲ್ಲಿ ನಿಂತು, ಸೊಂಟ ಬಗ್ಗಿಸಿ, ಎರಡು ತಿರುಪುಗಳನ್ನು ಸಡಿಲಿಸಿ, ಅದನ್ನು ಹಲಗೆಯಿಂದ ಮೇಲಕ್ಕೆ ಎಳೆಯಬೇಕು. ನನಗೆ 38, ಜಿಮ್ಮಿಗೆ ದುಡ್ಡು ಕಟ್ಟಿದ್ದೇನೆ, ಹೋಗುವುದು ಕಮ್ಮಿ. 9.9ರ ಒಂದು ಫೋರ್ ಸ್ಟ್ರೋಕನ್ನು ಗಟ್ಟಿ ಸಿಮೆಂಟು ನೆಲದ ಮೇಲೆ ನಿಂತು ಎತ್ತಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ನನ್ನ ಮುಂಗೈ ನಡುಗುತ್ತಿತ್ತು.

ಚಿಕ್ಕಯ್ಯ ದಿನಾ ಸಂಜೆ ಎಂಜಿನ್ ಬಿಚ್ಚಿ ಮನೆಗೆ ತರುತ್ತಾರೆ. ದಡದಿಂದ ಮುರಕಲ್ಲಿನ 14 ಮೆಟ್ಟಿಲು, ಆಮೇಲೆ ಅಂಗಳದವರೆಗೆ ಒಂದು 40 ಹೆಜ್ಜೆ. ಬೆಳಿಗ್ಗೆ ಮತ್ತೆ ಕೆಳಗೆ. ಕದಿಯುವವರ ಭಯ ಸ್ವಲ್ಪ, ಉಪ್ಪುನೀರಿನ ಭಯ ಹೆಚ್ಚು. ತಂದು, ಸಿಹಿನೀರಿನ ಡ್ರಮ್ಮಿನಲ್ಲಿ ಕಾಲು ಮುಳುಗಿಸಿ ಎರಡು ನಿಮಿಷ ಓಡಿಸಿ, ಒಳಗಿನ ಉಪ್ಪು ತೊಳೆದೇ ಊಟಕ್ಕೆ ಕೂರುವುದು ಅವರ ಕ್ರಮ. ಹಳೆಯ ಎಂಜಿನ್ ಇಷ್ಟು ವರ್ಷ ಬಾಳಿದ್ದಕ್ಕೆ ಅದೇ ಕಾರಣ. ಅದರ ತೂಕ 27 ಕಿಲೋ ಆಸುಪಾಸು.

ಔಟ್‌ಬೋರ್ಡ್ ಎಂಜಿನ್‌ನ ಚರಿತ್ರೆಯೂ ತೂಕದ ಜೊತೆ ಗುದ್ದಾಡಿದ್ದೇ. ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ಬಿಟ್ಟ ಎಂಜಿನ್‌ನ ಬಲ ಒಂದೂವರೆ ಎಚ್‌ಪಿ, ತೂಕ 62 ಪೌಂಡ್, ಅಂದರೆ 28 ಕಿಲೋ. ಆಮೇಲೆ 1921ರಲ್ಲಿ ಅಲ್ಯೂಮಿನಿಯಂ ಬಳಸಿ ತಂದ ಹೊಸ ಎಂಜಿನ್‌ಗೆ ‘ಎವಿನ್‌ರೂಡ್ ಲೈಟ್ ಟ್ವಿನ್ ಔಟ್‌ಬೋರ್ಡ್’ ಎಂದು ಹೆಸರಿಟ್ಟು, ಮೊದಲಕ್ಷರ ಕೂಡಿಸಿ ‘ಎಲ್ಟೋ’ ಎಂದರು. ಹಗುರ ಎಂಬುದನ್ನು ಹೆಸರಿನಲ್ಲೇ ಹಾಕಿಕೊಂಡರು ನೋಡಿ.

ದಾರುಖಾನಾದಿಂದ ಬಂದು ಕಂಪನಿಗಳ ವಿವರಪಟ್ಟಿಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ಹಾಕಿದೆ. ಆಗ ಒಂದು ಚೆಂದದ ಸಂಗತಿ ಕಂಡಿತು. ಎಚ್‌ಪಿ ಇಳಿಜಾರಿನ ಹಾಗೆ ಏರುತ್ತದೆ, ತೂಕ ಮೆಟ್ಟಿಲಿನ ಹಾಗೆ ಏರುತ್ತದೆ. ಫೋರ್ ಸ್ಟ್ರೋಕ್‌ಗಳಲ್ಲಿ ಎರಡೂವರೆ ಎಚ್‌ಪಿಯವು 13ರಿಂದ 18 ಕಿಲೋ. ಅದರಿಂದ ಮೇಲೆ 4, 5, 6 ಎಚ್‌ಪಿ ಮೂರೂ ಹೆಚ್ಚುಕಮ್ಮಿ ಒಂದೇ ತೂಕ, 24ರಿಂದ 27 ಕಿಲೋ. ಏಕೆಂದರೆ ಹಲವು ಕಂಪನಿಗಳಲ್ಲಿ ಮೂರೂ ಒಂದೇ ಎಂಜಿನ್. ಗಾಳಿ, ಇಂಧನ ಒಳಹೋಗುವ ದಾರಿಯನ್ನು ಬಿಗಿಮಾಡಿ ಬಲ ಇಳಿಸಿರುತ್ತಾರೆ. 8 ಮತ್ತು 9.9ಕ್ಕೆ ಬಂದರೆ ಒಮ್ಮೆಲೇ 37ರಿಂದ 45ಕ್ಕೆ ಹಾರುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ 9.9, 15, 20 ಮೂರೂ ಒಂದೇ ದೇಹ. ನಮ್ಮ ಐಟಿಯವರಿಗೆ ಇದು ಹೊಸತಲ್ಲ. ಒಂದೇ ಸರ್ವರ್, ಲೈಸೆನ್ಸ್ ಮಾತ್ರ ಬೇರೆ. ಅಂಥ 9.9 ಕೊಂಡರೆ 20ರ ಭಾರ ಹೊತ್ತು 10ರ ಕೆಲಸ ಪಡೆದ ಹಾಗೆ. ಅದೇ 4 ಎಚ್‌ಪಿ ಕೊಂಡರೆ 6ರ ಭಾರ ಸುಮ್ಮನೆ ಹೊತ್ತ ಹಾಗೆ. ನಿಮಗೂ ಈ ಕೆಲಸ ಬಿದ್ದರೆ, ನೀವು ಎತ್ತಬಲ್ಲ ಮೆಟ್ಟಿಲು ಯಾವುದೆಂದು ಮೊದಲು ನೋಡಿ, ಆ ಮೆಟ್ಟಿಲಿನಲ್ಲಿ ಸಿಗುವ ದೊಡ್ಡ ಎಚ್‌ಪಿ ತೆಗೆದುಕೊಳ್ಳಿ ಎನ್ನುತ್ತೇನೆ. ಜೊತೆಗೆ, ಪಟ್ಟಿಯಲ್ಲಿರುವ ತೂಕ ಸಾಮಾನ್ಯವಾಗಿ ಪೆಟ್ರೋಲು, ಆಯಿಲ್ ಇಲ್ಲದ, ಅತಿ ಗಿಡ್ಡ ಕಾಲಿನ ಎಂಜಿನ್‌ನದು. ಕೈಗೆ ಬರುವಾಗ ಒಂದೆರಡು ಕಿಲೋ ಸೇರಿಯೇ ಇರುತ್ತದೆ.

ಮೇ ತಿಂಗಳ ಎರಡನೇ ವಾರ ಊರಿಗೆ ಹೋದೆ. ತಮ್ಮನ ಇನ್ನೊಂದು ವಾದವನ್ನು ದೋಣಿಯ ಬಳಿಯೇ ಪರೀಕ್ಷಿಸಬೇಕಿತ್ತು: “ಅಳಿವೆಯಲ್ಲಿ ಸೆಳೆತ ಜಾಸ್ತಿ, ಸಣ್ಣ ಎಂಜಿನ್ ಕೈಕೊಟ್ಟರೆ ಅಪ್ಪಯ್ಯನ ಗತಿ ಏನು?” ಇದು ನಗುವ ಮಾತಲ್ಲ. ಐದು ಹೊಳೆಯ ನೀರು ಇಳಿತದ ಜೊತೆ ಕೂಡಿಕೊಂಡು ಹೊರಗೆ ನುಗ್ಗುವಾಗ, ಎದುರಿನಿಂದ ಪಡುವಣ ಗಾಳಿಯ ತೆರೆ ಬಂದರೆ, ಅಳಿವೆಯಲ್ಲಿ ನೀರು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಕೋಡಿಯ ಸೀವಾಕ್ ಮೇಲೆ ನಿಂತು ಸೆಲ್ಫಿ ತೆಗೆಯುವವರಿಗೆ ಅದು ಚೆಂದ. 17 ಅಡಿ ದೋಣಿಯಲ್ಲಿ ಕೂತವನಿಗೆ ಅಲ್ಲ.

ಆದರೆ ಬಲ ಹೆಚ್ಚಾದರೆ ವೇಗ ಹೆಚ್ಚುತ್ತದೆಯೇ ಎಂಬುದಕ್ಕೂ ಒಂದು ಮಿತಿ ಇದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನದೇ ಅಲೆಯ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ದೋಣಿಯ ಸಹಜ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ಚಿಕ್ಕಯ್ಯನ ದೋಣಿಯಲ್ಲಿ ಆ ಉದ್ದ 16 ಅಡಿ, ವರ್ಗಮೂಲ 4, ವೇಗ 5.4 ನಾಟ್, ಅಂದರೆ ಗಂಟೆಗೆ 10 ಕಿಲೋಮೀಟರ್. ದೋಣಿ, ಮನುಷ್ಯ, ಬಲೆ, ಮೀನು ಸೇರಿ 400 ಕಿಲೋ ಎಂದಿಟ್ಟುಕೊಂಡರೆ ಆ ವೇಗಕ್ಕೆ 2 ಎಚ್‌ಪಿ ಸಾಕು. ಗಾಳಿ, ಸೆಳೆತಕ್ಕೆಂದು ಮೂರು ಪಟ್ಟು ಮಾಡಿ, 6. ಅದಕ್ಕಿಂತ ವೇಗ ಬೇಕಾದರೆ ದೋಣಿ ನೀರಿನಿಂದ ಮೇಲೆದ್ದು ಜಾರಬೇಕು. ಅಷ್ಟು ಭಾರಕ್ಕೆ ಅದಕ್ಕೆ 15ರ ಮೇಲೆಯೇ ಬೇಕು. ತುಂಬಿದ ದೋಣಿಗೆ 9.9 ಎಂದರೆ ಅತ್ತ ಅಡಕೆಯೂ ಅಲ್ಲ, ಇತ್ತ ತೆಂಗೂ ಅಲ್ಲ. ಬಲ ಕೊಟ್ಟಷ್ಟೂ ಮೂತಿ ಎತ್ತಿ, ಹಿಂಬದಿ ತಗ್ಗಿಸಿಕೊಂಡು ನಿಲ್ಲುತ್ತದೆ.

ಹಿಂಬದಿ ತಗ್ಗುವುದೇ ಅಸಲಿ ಅಪಾಯ. ತೆರೆ ಹಿಂದಿನಿಂದ ಬಂದು ಒಳಗೆ ಬೀಳುವುದು ಅಲ್ಲಿಂದಲೇ. ದೋಣಿ ನೀರಿನ ಮೇಲೆ ಆಕ್ರಮಿಸುವ ಜಾಗ ನಾಲ್ಕು ಚದರ ಮೀಟರ್ ಎಂದರೆ, ಸರಿ ನಡುವೆ 40 ಕಿಲೋ ಇಟ್ಟಾಗ ಅದು ಒಂದು ಸೆಂಟಿಮೀಟರ್ ಇಳಿಯುತ್ತದೆ. ಅದೇ 40 ಕಿಲೋವನ್ನು ಹಿಂದಿನ ತುದಿಯಲ್ಲಿ ತೂಗಿದರೆ ಆ ತುದಿ ಅದರ ನಾಲ್ಕು ಪಟ್ಟು ಇಳಿಯುತ್ತದೆ, ಏಕೆಂದರೆ ದೋಣಿ ಇಳಿಯುವುದರ ಜೊತೆಗೆ ಹಿಂದಕ್ಕೆ ವಾಲುತ್ತದೆ. ಲೆಕ್ಕವನ್ನು ನಂಬಬೇಕೆಂದಿಲ್ಲ. ಚಿಕ್ಕಮ್ಮನ ಅಡುಗೆಮನೆಯಿಂದ 25 ಕಿಲೋದ ಅಕ್ಕಿ ಚೀಲ, ಮೇಲೊಂದು ಅಳೆದು ತುಂಬಿದ 15 ಕಿಲೋ ಮರಳು ತಂದು, ದೋಣಿಯ ಹಿಂದಿನ ಹಲಗೆಗೆ ಕಟ್ಟಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿದೆವು. ಚಿಕ್ಕಮ್ಮ ದಡದಲ್ಲಿ ನಿಂತು ಅಕ್ಕಿಯನ್ನೇ ನೋಡುತ್ತಿದ್ದರು. ಅಕ್ಕಿ ಮಾತ್ರ ಕಟ್ಟಿದಾಗ ಎರಡೂವರೆಗಿಂತ ಸ್ವಲ್ಪ ಹೆಚ್ಚು ಸೆಂಟಿಮೀಟರ್, ಮರಳೂ ಸೇರಿದಾಗ ನಾಲ್ಕೂವರೆ.

ವ್ಯತ್ಯಾಸ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್. ನಿಜ ಹೇಳಬೇಕೆಂದರೆ ಇಷ್ಟಕ್ಕೇ ದೋಣಿ ಮುಳುಗುವುದಿಲ್ಲ. ಚಿಕ್ಕಯ್ಯ ಅದನ್ನು ನೋಡಿ, “ಇಷ್ಟಕ್ಕೆ ಎಂತ ಮರಾಯ, ನಾನ್ ಒಂದ್ ಮೊಳ ಮುಂದ್ ಕೂಕಂಡ್ರೆ ಸರಿ ಆತ್ತ್” ಎಂದರು. ಅದನ್ನೂ ಅಳೆದೆವು. 65 ಕಿಲೋದ ಮನುಷ್ಯ ಹಿಂದಿನ ಹಲಗೆಯ ಪಕ್ಕದಿಂದ ಎದ್ದು ಒಂದು ಮೀಟರ್ ಮುಂದೆ ಬಂದು ಕೂತರೆ ಹಿಂಬದಿ ಎರಡು ಸೆಂಟಿಮೀಟರ್ ಮೇಲೇಳುತ್ತದೆ! ಹಾಗೆ ಕೂರಲು ಎಂಜಿನ್‌ನ ಹಿಡಿಕೆಗೆ ಒಂದು ಪಿವಿಸಿ ಪೈಪಿನ ತುಂಡು ಸಿಕ್ಕಿಸಿದರೆ ಆಯಿತು. ಪೆಟ್ರೋಲ್ ಟ್ಯಾಂಕ್ ಬೇರೆಯಾಗಿದ್ದರೆ ಅದನ್ನೂ ಮುಂದಿಡಬಹುದು. 12 ಲೀಟರ್ ಪೆಟ್ರೋಲ್ ಎಂದರೆ 9 ಕಿಲೋ. ಹಾಗಾಗಿ ದೋಣಿಯ ದೃಷ್ಟಿಯಿಂದ 40 ಕಿಲೋ ಎಂಜಿನ್ ಕಷ್ಟವೇ ಆದರೂ ಅಸಾಧ್ಯವಲ್ಲ ಎಂದು ತಮ್ಮನಿಗೆ ನ್ಯಾಯವಾಗಿ ಒಪ್ಪಿಕೊಂಡು ಬರೆದೆ.

ಉಳಿದದ್ದು 14 ಮೆಟ್ಟಿಲು. ಆ ರಾತ್ರಿ ವೀಡಿಯೋ ಕಾಲ್‌ನಲ್ಲಿ ತಮ್ಮ ಅದಕ್ಕೂ ಪರಿಹಾರ ಕೊಟ್ಟ. ಪಕ್ಕದ ಮನೆಯ ಹುಡುಗನಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಬೆಳಿಗ್ಗೆ ಸಂಜೆ ಎತ್ತಿಕೊಡುತ್ತಾನೆ. ಇಲ್ಲವಾದರೆ ಎಂಜಿನ್ ದೋಣಿಯಲ್ಲೇ ಬೀಗ ಹಾಕಿ ಇರಲಿ. ಚಿಕ್ಕಯ್ಯ ಎಲೆಅಡಿಕೆ ಜಗಿಯುತ್ತಾ ಎಲ್ಲ ಕೇಳಿದರು. ಆಮೇಲೆ ಹೇಳಿದ್ದು ಇಷ್ಟು: “ಎಂಜಿನ್ ಎತ್ತುಕೆ ಇನ್ನೊಬ್ಬ ಬೇಕ್ ಅಂದ್ರೆ, ಅವ ಏಳು ಹೊತ್ತಿಗೆ ನಾನ್ ಹೋಯ್ಕ್. ಮೀನ್ ಅವನ್ ಹೊತ್ತಿಗೆ ಬತ್ತಿಲ್ಲೆ.” ತಮ್ಮ ಸುಮ್ಮನಾದ. ದೋಣಿ ಬಿಡಲಿ ಎಂದಿದ್ದ ಅತ್ತಿಗೆಯೇ ಹಿಂದಿನಿಂದ, “ಹಗುರದ್ದೇ ತೆಗೆದುಕೊಡಿ” ಎಂದದ್ದು ಕೇಳಿಸಿತು.

ಹಾಗೆ 6 ಎಚ್‌ಪಿ ಫೋರ್ ಸ್ಟ್ರೋಕ್ ಎಂದು ತೀರ್ಮಾನವಾಯಿತು. ತೂಕ 25 ಕಿಲೋ ಚಿಲ್ಲರೆ. ಕಾಲಿನ ಉದ್ದ ಗಿಡ್ಡದ್ದು, 15 ಇಂಚಿನದು. ದೋಣಿಯ ಹಿಂದಿನ ಹಲಗೆಯ ಎತ್ತರಕ್ಕೆ ಅದೇ ಸರಿ. 20 ಇಂಚಿನದು ಹಾಕಿದರೆ ತೂಕವೂ ಹೆಚ್ಚು, ಇಳಿತದ ಹೊತ್ತಿನಲ್ಲಿ ಆ ಮರಳ ದಿಬ್ಬಗಳಿಗೆ ರೆಕ್ಕೆ ತಾಗುವುದೂ ಖಂಡಿತ. ಟು ಸ್ಟ್ರೋಕ್‌ನ ಹಾಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಇಲ್ಲ. ಸೀಮೆಎಣ್ಣೆಗೆ ಕಾಯುವುದೂ ಇಲ್ಲ. ಬ್ಯಾಟರಿಯದ್ದೂ ನೋಡಿದ್ದೆ. ಬ್ಯಾಟರಿ ಬೇರೆ, ಮೋಟಾರು ಬೇರೆ ಎತ್ತಬಹುದು ಎಂಬುದು ನನಗೆ ಬಹಳ ಹಿಡಿಸಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ಚಿಕ್ಕಮ್ಮ ಕೇಳಿದರು. ಆ ಮಾತು ಅಲ್ಲಿಗೇ ನಿಂತಿತು.

ಫೋರ್ ಸ್ಟ್ರೋಕ್‌ನ ಒಂದು ಹೊಸ ಶಿಸ್ತನ್ನು ಅವರು ಕಲಿಯಬೇಕಾಯಿತು. ಹಳೆಯದನ್ನು ಹೇಗೆ ಬೇಕಾದರೂ ಮಲಗಿಸಬಹುದಿತ್ತು. ಇದರೊಳಗೆ ಆಯಿಲ್ ಬೇರೆಯೇ ಇರುವುದರಿಂದ ಕಂಪನಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು. ತಪ್ಪಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಚಿಕ್ಕಯ್ಯ ಮಲಗಿಸಬಾರದ ಮಗ್ಗುಲಿಗೆ ಕೆಂಪು ಪೇಂಟಿನಲ್ಲಿ ದೊಡ್ಡ ಅಡ್ಡಗೆರೆ ಎಳೆದರು. ಹೊಸ ಎಂಜಿನ್‌ನ ಅಂದ ಅಲ್ಲಿಗೆ ಮುಗಿಯಿತು.

ಮೊದಲ ದಿನ ಇಬ್ಬರೂ ಹೋದೆವು. ಹೊಳೆಯ ನಡುವೆ ಫೋನಿನ ಜಿಪಿಎಸ್ ಗಂಟೆಗೆ 9ರಿಂದ 10 ಕಿಲೋಮೀಟರ್ ತೋರಿಸಿತು, ಪೂರ್ತಿ ಬಲ ಕೊಡುವ ಮೊದಲೇ. ಅಲ್ಲಿಂದ ಮೇಲೆ ಎಷ್ಟು ತಿರುವಿದರೂ ಸದ್ದು ಏರಿತೇ ಹೊರತು ಅಂಕಿ ಏರಲಿಲ್ಲ. ಗಂಗೊಳ್ಳಿ ಬಂದರಿನ ಕಡೆಗೆ ಹೋಗಿ ಇಳಿತದ ಸೆಳೆತಕ್ಕೆ ಎದುರಾಗಿ ವಾಪಸು ಬರುವಾಗ ಅದು 6ಕ್ಕೆ ಇಳಿಯಿತು. ತಮ್ಮನ ಆತಂಕಕ್ಕೆ ಆಧಾರ ಇಲ್ಲದಿಲ್ಲ. ಅಳಿವೆಯ ಬಾಯಿಗೆ ಇಳಿತದಲ್ಲಿ ಈ ಎಂಜಿನ್ ಕಟ್ಟಿಕೊಂಡು ಹೋಗಬಾರದು. ಚಿಕ್ಕಯ್ಯ ಹಳೆಯ ಎಂಜಿನ್‌ನಲ್ಲೂ ಹಾಗೆ ಹೋದವರಲ್ಲ. ತಮ್ಮನ ಸಮಾಧಾನಕ್ಕೆ ಎರಡು ಹುಟ್ಟು, ಒಂದು ಲಂಗರು ಮತ್ತು ಅವರು ಇನ್ನೂ ಒಂದು ಸಲವೂ ತೊಟ್ಟಿರದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ದೋಣಿಯಲ್ಲಿ ಇವೆ. ಲೈಫ್ ಜಾಕೆಟ್ಟಿನ ಮೇಲೆ ಕೂರುತ್ತಾರೆ.

ಸಂಜೆ ನಾನು ಎತ್ತುತ್ತೇನೆ ಎಂದರೂ ಬಿಡಲಿಲ್ಲ. ಎಂಜಿನ್ ಹೆಗಲಿಗೇರಿಸಿ ಹೊರಟರು. ಹಿಂದೆ ನಾನು ಖಾಲಿ ಕೈಯಲ್ಲಿ. ಒಂಬತ್ತನೇ ಮೆಟ್ಟಿಲಿನಲ್ಲಿ ಒಮ್ಮೆ ನಿಂತು, ಮೊಣಕೈ ಗೋಡೆಗೆ ಆನಿಸಿ ಉಸಿರು ತೆಗೆದುಕೊಂಡರು. ಅಂಗಳದಲ್ಲಿ ಇಳಿಸಿದ ಮೇಲೆ, ಎರಡೂವರೆ ಎಚ್‌ಪಿಯದ್ದು ಎಷ್ಟು ಕಿಲೋ ಅಂದಿದ್ದೆ ಎಂದು ಕೇಳಿದರು. ಹದಿಮೂರರಿಂದ ಹದಿನೆಂಟು ಎಂದೆ. ಒಳಗೆ ಹೋಗಿ, ಉಬ್ಬರ ಇಳಿತದ ಹೊತ್ತು ಗುರುತು ಹಾಕುವ ಕ್ಯಾಲೆಂಡರಿನ ಅಂಚಿನಲ್ಲಿ ಅದನ್ನು ಬರೆದಿಟ್ಟರು.